ಕಾಲಡಿಯ ನೀರು

ನಮ್ಮ ತಾಯಿಯವರು ಪಯಣಕ್ಕೆ ಹೊರಟರೆಂದರೆ ಅವರೊಡನೆ ಒಂದು ತಾಮ್ರದ ತಂಬಿಗೆಯೂ ಹೊರಡುವುದು ವಾಡಿಕೆ. ಅಂಗಡಿಯ ಬಾಟಲಿಯ ನೀರು ಅವರಿಗೆ ಒಗ್ಗದು. ಕಳೆದ ವರ್ಷದಿಂದ ತಿಂಗಳಿಗೊಮ್ಮೆ ಅವರನ್ನು ಪುತ್ತೂರಿನಿಂದ ಮಂಗಳೂರಿನ ವೈದ್ಯರಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸುಮಾರು 50 ಕಿಲೋಮೀಟರಿನ ದಾರಿ. ಮಾಣಿ ದಾಟಿ ಕಲ್ಲಡ್ಕ ಬರುವ ವೇಳೆಗೆ ರಕ್ತದೊತ್ತಡದ ಗುಳಿಗೆಯನ್ನು ನುಂಗುವುದು ಅವರ ಕ್ರಮ. ತಂಬಿಗೆಯ ನೀರು ಅದಕ್ಕಾಗಿಯೇ.

ಮೇ ತಿಂಗಳ ಒಂದು ದಿನ ಕಾರಿನ ಎಡಗಡೆಯ ಮುಂದಿನ ಆಸನದ ಕೆಳಗೆ, ಅಂದರೆ ಅವರು ಕಾಲಿಡುವಲ್ಲಿ, ನೆಲಹಾಸು ಒದ್ದೆಯಾಗಿರುವುದನ್ನು ಕಂಡೆನು. ವಿಚಾರಿಸುವ ಗೋಜಿಗೆ ಹೋಗಲಿಲ್ಲ. "ಅಮ್ಮ, ಈ ತಂಬಿಗೆಯೊಂದನ್ನು ಮನೆಯಲ್ಲಿ ಬಿಟ್ಟು ಬರಬಾರದೇ? ಗಾಡಿಯೆಲ್ಲ ಹಾಳಾಗುತ್ತಿದೆ" ಎಂದುಬಿಟ್ಟೆನು. ಅವರು ಏನನ್ನೂ ಹೇಳಲಿಲ್ಲ. ಮುಂದಿನ ಸಲ ತಂಬಿಗೆ ಬರಲಿಲ್ಲ.

ನೀರು ಮಾತ್ರ ಬಂದಿತು. ಆಗ ಜೂನ್ ತಿಂಗಳು, ಮಳೆ ಹಿಡಿದಿತ್ತು. ನನ್ನ ಮೊದಲಿನ ತೀರ್ಪು ತಪ್ಪೆಂದು ಒಪ್ಪಿಕೊಳ್ಳುವುದಕ್ಕೆ ಬದಲಾಗಿ, ಈಗ ಮಳೆಯೂ ಸೇರಿಕೊಂಡಿದೆ ಎಂದು ನಿಶ್ಚಯಿಸಿದೆನು. ಒಂದು ಗ್ಯಾರೇಜಿನವರು ಗಾಡಿಯನ್ನು ಒಮ್ಮೆ ಸುತ್ತಿ ನೋಡಿ, ಮುಂಗಾಜಿನ ಸುತ್ತಣ ರಬ್ಬರು ಸಡಿಲವಾಗಿದೆಯೆಂದು ಹೇಳಿ, ಅದಕ್ಕೆ ಅಂಟು ಮೆತ್ತಿ ಹಣ ಪಡೆದರು. ನೀರನ್ನು ಸುರಿದು ಪರೀಕ್ಷಿಸುವಷ್ಟು ತಾಳ್ಮೆ ಅವರಿಗೂ ಇರಲಿಲ್ಲ, ಕೇಳುವಷ್ಟು ಬುದ್ಧಿ ನನಗೂ ಇರಲಿಲ್ಲ.

ಜುಲೈ ತಿಂಗಳಲ್ಲಿ ವೈದ್ಯರು ಒತ್ತಡವನ್ನು ಅಳೆದು ಹುಬ್ಬು ಗಂಟಿಕ್ಕಿದರು. ಗುಳಿಗೆ ತೆಗೆದುಕೊಂಡಿರೋ ಎಂದು ಕೇಳಿದುದಕ್ಕೆ ತಾಯಿಯವರು ಮೆಲ್ಲಗೆ, "ದಾರಿಯಲ್ಲಿ ನೀರು ಇರುವುದಿಲ್ಲ, ಮನೆಗೆ ಹೋಗಿ ತೆಗೆದುಕೊಳ್ಳುತ್ತೇನೆ" ಎಂದರು. ಹೋದ ತಿಂಗಳೂ ಹಾಗೆಯೇ ಮಾಡಿದ್ದರಂತೆ. ಹಿಂದಿರುಗುವಾಗ ನೋಡುತ್ತೇನೆ, ಕಾಲಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ಹಾಸಿ, ಅದರ ಮೇಲೆ ಪಾದಗಳನ್ನಿಟ್ಟುಕೊಂಡು ಕುಳಿತಿದ್ದಾರೆ. ಆ ದಾರಿ ನನಗೆ ಬಹಳ ಉದ್ದವಾಯಿತು.

ಮರುದಿನದಿಂದ ನಾನು ಸರಿಯಾಗಿ ವಿಚಾರಣೆಗೆ ತೊಡಗಿದೆನು. ಕಾರಿನೊಳಗೆ ನೀರು ಬರುವುದಕ್ಕೆ ಮುಖ್ಯವಾಗಿ ಮೂರು ಮೂಲಗಳುಂಟು. ಹೊರಗಿನ ಮಳೆ ಒಂದು. ಅದು ಬಾಗಿಲಿನ ಒಳಪದರದಿಂದಲೋ, ಮುಂಗಾಜಿನ ಬುಡದಲ್ಲಿ ತರಗೆಲೆ ಕಟ್ಟಿಕೊಂಡ ಕಾಲುವೆಯಿಂದಲೋ ನುಸುಳಬಹುದು. ಎಂಜಿನನ್ನು ತಣಿಸುವ ದ್ರವ ಇನ್ನೊಂದು. ಗಾಡಿಯೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರು ಸೋರಿದರೆ ಅದು ಒಳಗೆ ಇಳಿಯುತ್ತದೆ. ಆದರೆ ಅದಕ್ಕೆ ಬಣ್ಣವುಂಟು, ಸಿಹಿಯಾದ ವಾಸನೆಯುಂಟು, ಬೆರಳಿಗೆ ಜಿಗುಟಾಗುತ್ತದೆ. ನಮ್ಮ ನೀರು ಬಾವಿಯ ನೀರಿನಂತೆ ತಿಳಿಯಾಗಿತ್ತು. ಉಳಿದುದು ಎ.ಸಿ. ಯಂತ್ರವೇ ಹುಟ್ಟಿಸುವ ನೀರು.

ಯಂತ್ರ ನೀರನ್ನು ಹುಟ್ಟಿಸುವುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. 30 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಒಂದು ಘನ ಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲುದು. ಅದನ್ನೇ 10 ಡಿಗ್ರಿಗೆ ಇಳಿಸಿದರೆ 9 ಗ್ರಾಮಿಗಿಂತ ಸ್ವಲ್ಪ ಹೆಚ್ಚನ್ನು ಮಾತ್ರ. ಮಿಕ್ಕುದು ತಣ್ಣನೆಯ ಲೋಟದ ಹೊರಮೈಯಲ್ಲಿ ಬೆವರೊಡೆಯುವಂತೆ, ಯಂತ್ರದ ತಣ್ಣನೆಯ ತಗಡುಗಳ ಮೇಲೆ ಹನಿಗಟ್ಟುತ್ತದೆ. ನಮ್ಮ ಕರಾವಳಿಯ ಕಡೆಯ ಗಾಳಿಯಲ್ಲಿ ತೇವಕ್ಕೆ ಎಂದಿನ ಬರ? ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು 1902ರಲ್ಲಿ ಇಂತಹ ಯಂತ್ರವನ್ನು ಕಲ್ಪಿಸಿದುದು ಸಹ ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ಕೆಡುತ್ತಿದ್ದುದನ್ನು ತಪ್ಪಿಸಲು. ಕಾರಿನಲ್ಲಿ ಈ ಹನಿಗಳು ಒಂದು ತಟ್ಟೆಗೆ ಇಳಿದು, ಸಣ್ಣ ರಬ್ಬರು ಕೊಳವೆಯ ಮೂಲಕ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಕೆಳಗೆ ನೀರು ಕಂಡರೆ ಕೆಲವರು ಗಾಬರಿಯಾಗುತ್ತಾರೆ. ನಿಜವಾಗಿ ಗಾಬರಿಯಾಗಬೇಕಾದುದು, ಸೆಕೆಯ ದಿನ ಎ.ಸಿ. ನಡೆಯುತ್ತಿದ್ದೂ ಅಲ್ಲಿ ನೀರು ಕಾಣದಿದ್ದಾಗ.

ಜಡಿಮಳೆಯ ಒಂದು ರಾತ್ರಿ ಗಾಡಿಯನ್ನು ಅಂಗಳದಲ್ಲಿಯೇ ಬಿಟ್ಟು, ಒದ್ದೆಯ ನೆಲಹಾಸನ್ನು ತೆಗೆದು, ಬರಿಯ ತಗಡಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿದೆನು. ಬೆಳಗ್ಗೆ ಕಾಗದ ಗರಿಗರಿಯಾಗಿತ್ತು. ಮಳೆ ನಿರಪರಾಧಿ. ಆಮೇಲೆ ಗಾಡಿಯನ್ನು ಹಟ್ಟಿಯ ಮಾಡಿನ ಕೆಳಗೆ ತಂದು (ಮೂರು ಕಡೆ ಗೋಡೆಯಿಲ್ಲದ ಹಟ್ಟಿ, ಮುಚ್ಚಿದ ಕೋಣೆಯಲ್ಲಿ ಎಂಜಿನು ನಡೆಸಿದರೆ ಪ್ರಾಣಕ್ಕೆ ಅಪಾಯ) ಎ.ಸಿ.ಯನ್ನು ಅರ್ಧ ಗಂಟೆ ನಡೆಸಿದೆನು. ಗಾಡಿಯ ಕೆಳಗೆ ಒಂದು ಹನಿಯೂ ಇಲ್ಲ. ಒಳಗೆ, ನಡುವಿನ ಕಟ್ಟೆಗೆ ತಾಗಿದ ಕಡೆಯಿಂದ ಕಾಗದ ನೆನೆಯತೊಡಗಿತು.

ಊರಿನ ಮೆಕ್ಯಾನಿಕ್ ಹುಡುಗನೊಬ್ಬನು ಗಾಡಿಯ ಕೆಳಗೆ ನುಸುಳಿ, ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನಕ್ಕನು. ಏಪ್ರಿಲಿನಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತಿದ್ದಾಗ ಮಣ್ಣಿನ ಗೂಡು ಕಟ್ಟುವ ಕಣಜವೊಂದು ಅಲ್ಲಿ ಸಂಸಾರ ಹೂಡಿತ್ತು. ಜೋರಾಗಿ ಗಾಳಿ ಊದಿದರೆ ಕೊಳವೆ ಒಳಗೆ ಕಳಚಬಹುದೆಂದು ಅವನು ಮೃದುವಾದ ತಂತಿಯಿಂದ ಮಣ್ಣನ್ನು ಕೆದಕಿದನು. ಒಮ್ಮೆಲೇ ನೀರು ಸುರಿಯಿತು. ಒಂದು ತಂಬಿಗೆಗೆ ಕಡಮೆಯಿರಲಿಲ್ಲ. ನೆಲಹಾಸಿನ ಅಡಿಯ ಸ್ಪಂಜು ಮಾತ್ರ ಬೂಸಲು ಹಿಡಿದಿತ್ತು. ಅದನ್ನು ಕಿತ್ತು ತೆಗೆದು, ಆಟಿಯ ತಿಂಗಳಲ್ಲಿ ಬಿಸಿಲೆಲ್ಲಿ ಎಂದು, ಬಚ್ಚಲೊಲೆಯ ಮೇಲಣ ಅಟ್ಟದಲ್ಲಿ ವಾರವಿಡೀ ಒಣಗಿಸಿದೆವು.

ಆಗಸ್ಟಿನಲ್ಲಿ ಹೊರಡುವಾಗ ತಾಯಿಯವರು ಬರಿಗೈಯಲ್ಲಿ ಬಂದು ಕುಳಿತರು. ನಾನು ಒಳಗೆ ಹೋಗಿ ತಂಬಿಗೆಯನ್ನು ತುಂಬಿಸಿ ತಂದು ಅವರ ಮಡಿಲಿನಲ್ಲಿಟ್ಟೆನು. ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬರಲಿಲ್ಲ. ಅವರು ಸೆರಗಿನ ತುದಿಯಿಂದ ತಂಬಿಗೆಯ ಬಾಯಿ ಮುಚ್ಚಿಕೊಂಡರು. ಕಲ್ಲಡ್ಕದಲ್ಲಿ ಗಾಡಿ ನಿಲ್ಲಿಸಿದಾಗ ಗುಳಿಗೆ ನುಂಗಿ, ಕೆಳಗಿಳಿದು, ಬಗ್ಗಿ ಗಾಡಿಯ ಅಡಿಯನ್ನು ನೋಡಿದರು. ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು.

"ಇದೂ ನನ್ನ ತಂಬಿಗೆಯದೇನೋ, ನೋಡು ಮಗಾ" ಎಂದರು.