ತಾರಸಿಯ ಮೇಲೆ ಗಾಳಿಪಟ, ಕೆಳಗೆ ತೊಟ್ಟಿಲು

ನಮ್ಮ ಊರ ಕಡೆ ಗಾಳಿಪಟ ಎಂದರೆ ಪಣಂಬೂರು ಕಡಲತೀರ. ‘ಟೀಮ್ ಮಂಗಳೂರು’ ತಂಡದವರು ಹಾರಿಸುತ್ತಿದ್ದ ಕಥಕ್ಕಳಿಯ ದೊಡ್ಡ ಗಾಳಿಪಟವನ್ನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಅಲ್ಲಿ ಗಾಳಿಪಟ ನೋಡುವ ವಸ್ತು. ನಾನೇ ಹಾರಿಸಲು ಕಲಿತದ್ದು ಎಂಟು ವರ್ಷದ ಹಿಂದೆ, ಕೆಲಸದ ಮೇಲೆ ತೆಲಂಗಾಣದ ಜಹೀರಾಬಾದಿಗೆ ಬಂದ ಮೇಲೆ.

ಟ್ರ್ಯಾಕ್ಟರ್ ಬಿಡಿಭಾಗಗಳನ್ನು ಅಂಗಡಿಗಳಿಗೆ ತಲುಪಿಸುವುದು ನನ್ನ ಕೆಲಸ. ವಾರಕ್ಕೊಮ್ಮೆ ನಾರಾಯಣಖೇಡ್, ಇನ್ನೊಮ್ಮೆ ತಾಂಡೂರು. ಬಂದ ಹೊಸತರಲ್ಲಿ ಈ ಊರುಗಳಲ್ಲಿ ಕನ್ನಡ ಕೇಳಿ ಆಶ್ಚರ್ಯವಾಗಿತ್ತು. ಆಮೇಲೆ ಕಾರಣ ತಿಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿ ಇದ್ದವು. ಗಡಿ ಬದಲಾಯಿತು, ಮನೆಮಾತು ಉಳಿಯಿತು.

ಸಂಕ್ರಾಂತಿಗೆ ಎರಡು ಮೂರು ವಾರ ಇರುವಾಗಲೇ ಇಲ್ಲಿ ಎಲ್ಲ ತಾರಸಿಗಳ ಮೇಲೂ ಜನ. ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲ. ಹೈದರಾಬಾದಿನ ಧೂಲ್‌ಪೇಟೆಯಿಂದ ಪತಂಗ್ ಬರುತ್ತವೆ. ಒಬ್ಬ ದಾರ ಹಿಡಿಯುತ್ತಾನೆ, ಇನ್ನೊಬ್ಬ ಹಿಂದೆ ಚರಖ್ ಹಿಡಿದು ನಿಲ್ಲುತ್ತಾನೆ. ಪೇಚ್ ಬಿದ್ದು ಎದುರಿನವನ ದಾರ ಕಡಿದರೆ ‘ಆಫಾ!’ ಎಂದು ಕೇರಿ ಕೇರಿಯೇ ಕೂಗುತ್ತದೆ. ಮೊದಲ ವರ್ಷ ನೋಡಿದೆ, ಎರಡನೇ ವರ್ಷ ಚರಖ್ ಹಿಡಿದೆ, ಮೂರನೇ ವರ್ಷಕ್ಕೆ ಹುಚ್ಚು ಹಿಡಿಯಿತು. ನಮ್ಮ ದೇಶದ 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲಿ ಬಲೂನು, ಗ್ಲೈಡರ್‌ಗಳ ಜೊತೆ ಗಾಳಿಪಟವೂ ಇತ್ತು ಎಂದು ಎಲ್ಲೋ ಓದಿ, ‘ಹಾಗಾದರೆ ನಾನೂ ಪೈಲಟ್’ ಎಂದು ಪತ್ನಿಗೆ ಹೇಳಿ ನಗಿಸಿದ್ದೆ.

ಮಗಳು ಹುಟ್ಟಿದ್ದು ಅಕ್ಟೋಬರಿನಲ್ಲಿ, ಪತ್ನಿಯ ತವರಿನಲ್ಲಿ. ನಲವತ್ತು ದಿನದ ಬಾಣಂತನ ಮುಗಿದು, ಡಿಸೆಂಬರ್ ಕೊನೆಗೆ ತಾಯಿ ಮಗು ಜಹೀರಾಬಾದಿಗೆ ಬಂದರು. ತವರಿನಲ್ಲಿ ಮಗುವನ್ನು ಎತ್ತಿಕೊಳ್ಳಲು ಮಾಮಿ, ನಾದಿನಿಯರು, ಪಕ್ಕದ ಮನೆಯವರು ಸರದಿಯಲ್ಲಿ ಇದ್ದರು. ಇಲ್ಲಿ ನಾವಿಬ್ಬರೇ. ಮಗು ಸಂಜೆಯಾದರೆ ಹೊಟ್ಟೆ ನೋವಿಗೆ ಅಳುತ್ತಿತ್ತು, ರಾತ್ರಿ ಎರಡು ಗಂಟೆಗೊಮ್ಮೆ ಏಳುತ್ತಿತ್ತು.

ಅದೇ ಸಮಯಕ್ಕೆ ಪತಂಗ್ ಸೀಸನ್. ಅಸರ್ ನಮಾಝ್ ಮುಗಿಸಿ ತಾರಸಿ ಹತ್ತಿದರೆ ಮಗ್ರಿಬ್ ಬಾಂಗಿಗೆ ಇಳಿಯುತ್ತಿದ್ದೆ. ರಜೆಯ ದಿನ ಬೆಳಿಗ್ಗೆಯೂ ಅಲ್ಲೇ. ಸುಳ್ಳು ಯಾಕೆ ಹೇಳಲಿ, ಕೆಳಗಿನಿಂದ ಮಗುವಿನ ಅಳು ಕೇಳುತ್ತಿತ್ತು. ‘ಅವಳು ನೋಡಿಕೊಳ್ಳುತ್ತಾಳೆ’ ಎಂದುಕೊಳ್ಳುತ್ತಿದ್ದೆ. ಇಳಿದು ಬಂದು ಮಗುವಿಗೆ ಕೈಚಾಚಿದರೆ ಪತ್ನಿ ತಡೆಯುತ್ತಿದ್ದಳು. ‘ಕೈ ತೊಳೆಯಿರಿ, ಶರ್ಟ್ ಬದಲಿಸಿ’ ಎನ್ನುತ್ತಿದ್ದಳು. ನಾನು ಬಳಸುತ್ತಿದ್ದುದು ಹತ್ತಿ ದಾರದ ಮಾಂಜಾ. ನೈಲಾನ್ ಮುಂತಾದ ಕೃತಕ ದಾರದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೆ ಹತ್ತಿಯದಕ್ಕೂ ಗಾಜಿನ ಪುಡಿ ಸವರಿತ್ತು. ಬೆರಳ ತುಂಬ ಗೀರುಗಳಾಗಿದ್ದವು. ಮಗು ಹಿಡಿದುಕೊಳ್ಳುತ್ತಿದ್ದುದು ಅದೇ ಬೆರಳನ್ನು.

ಆ ದಿನಗಳಲ್ಲೇ ತಾರಸಿಯ ಬಿರುಕನ್ನು ನೋಡಿದ್ದೆ. ನಮ್ಮದು ಸಾಲ ಮಾಡಿ ಕೊಂಡ ಹಳೆಯ ಮನೆ. ತಾರಸಿಗೆ ತಾಂಡೂರು ಕಲ್ಲಿನ ಹಾಸು ಇದೆ. ನೈಋತ್ಯ ಮೂಲೆಯಲ್ಲಿ ಎರಡು ಕಲ್ಲುಗಳ ನಡುವಿನ ಸಿಮೆಂಟ್ ಎದ್ದುಹೋಗಿತ್ತು, ಒಂದು ಕಲ್ಲು ಅಲುಗುತ್ತಿತ್ತು. ಚರಖ್ ಹಿಡಿದಿದ್ದ ಹುಡುಗನಿಗೆ ‘ಅಲ್ಲಿ ಕಾಲಿಡಬೇಡ’ ಎಂದು ಹೇಳಿದ್ದೂ ನೆನಪಿದೆ. ಸೀಸನ್ ಮುಗಿಯಲಿ ಎಂದೆ. ಆಮೇಲೆ ರಮಝಾನ್ ಕಳೆಯಲಿ, ಪೆರ್ನಾಲ್ ಕಳೆಯಲಿ ಎಂದೆ. ಕೊನೆಗೆ ಮರೆತೇಬಿಟ್ಟೆ.

ಜೂನ್ ಎರಡನೇ ವಾರ ದೊಡ್ಡ ಮಳೆ. ಅಂದು ನಾನು ತಾಂಡೂರಿನಲ್ಲಿದ್ದೆ. ದಾರಿಯುದ್ದಕ್ಕೂ ನೀಲಿ, ಹಳದಿ ಕಲ್ಲಿನ ಹಾಸುಗಳನ್ನು ರಾಶಿ ಹಾಕಿದ್ದನ್ನು ನೋಡಿಕೊಂಡು ಬಂದರೂ ನಮ್ಮ ತಾರಸಿ ನೆನಪಾಗಲಿಲ್ಲ. ರಾತ್ರಿ ಮನೆಗೆ ಬಂದಾಗ ತೊಟ್ಟಿಲು ಅಡುಗೆಕೋಣೆಯಲ್ಲಿತ್ತು. ಮಲಗುವ ಕೋಣೆಯಲ್ಲಿ ತೊಟ್ಟಿಲಿದ್ದ ಜಾಗದಲ್ಲಿ ಬಕೆಟ್ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಹನಿ ಮಗುವಿನ ಮುಖದ ಮೇಲೆ ಬಿದ್ದು ಅದು ಬೆಚ್ಚಿ ಎದ್ದಿತಂತೆ. ಸದ್ಯ ನೀರು ಮಾತ್ರ, ಗಾರೆಯ ಚೂರು ಬೀಳಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಪತ್ನಿ ಜಗಳ ಮಾಡಲಿಲ್ಲ. ‘ಈ ಬಿರುಕು ನೀವು ಮೊದಲೇ ನೋಡಿದ್ದಿರಾ?’ ಎಂದು ಕೇಳಿದಳು.

‘ನೋಡಿದ್ದೆ.’

‘ನನಗೆ ಮೇಲೆ ಹತ್ತಿ ನೋಡಲು ಪುರುಸೊತ್ತೇ ಇರಲಿಲ್ಲ. ನೋಡಿದ್ದರೆ ಅಂದೇ ಹೇಳುತ್ತಿದ್ದೆ’ ಎಂದಳು.

ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಿನಾ ಎರಡು ಗಂಟೆ ತಾರಸಿಯ ಮೇಲೆ ಆಕಾಶ ನೋಡುತ್ತಾ ನಿಂತವನು ನಾನು. ಕಾಲ ಬುಡದ ಬಿರುಕು ಗೊತ್ತಿದ್ದವನೂ ನಾನೇ.

ಬೆಳಿಗ್ಗೆ ಚರಖ್, ದಾರ ಎಲ್ಲವನ್ನೂ ಚೀಲಕ್ಕೆ ತುಂಬಿ, ‘ಪಕ್ಕದ ಮನೆಯ ಹುಡುಗನಿಗೆ ಕೊಡುತ್ತೇನೆ, ಇನ್ನು ಸಾಕು’ ಎಂದೆ. ಅವಳು ಮೆಚ್ಚಬಹುದು ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. ‘ಪತಂಗ್ ಬಿಟ್ಟರೆ ಆ ಎರಡು ಗಂಟೆ ಮೊಬೈಲ್ ಹಿಡಿಯುತ್ತೀರಿ. ನನಗೇನು ಲಾಭ? ನಾನು ಬಿಡಿ ಎಂದಿಲ್ಲ. ಪೈಲಟ್ ಎಂದಿರಲ್ಲ, ಪೈಲಟುಗಳಿಗೆ ಇಷ್ಟೇ ಗಂಟೆ ಹಾರಬೇಕು, ಇಷ್ಟು ವಿಶ್ರಾಂತಿ ಬೇಕು ಎಂಬ ಲೆಕ್ಕ ಇರುತ್ತದೆ. ನಮಗೂ ಒಂದು ಲೆಕ್ಕ ಮಾಡಿ’ ಎಂದಳು.

ಮೊದಲು ಮನೆಯ ಕೆಲಸ. ನಾರಾಯಣಖೇಡದ ಅಂಗಡಿಯವರೊಬ್ಬರು ಅಲ್ಲಿನ ಹಿರಿಯ ಮೇಸ್ತ್ರಿಯನ್ನು ಕಳಿಸಿದರು. ಅವರು ಬರೀ ಬಿರುಕಿಗೆ ಸಿಮೆಂಟ್ ಮೆತ್ತಲಿಲ್ಲ. ನೀರು ಹೋಗುವ ಕೊಳವೆಯ ಬಾಯಿಗೆ ಕೈ ಹಾಕಿ, ಎಲೆ, ಮಣ್ಣಿನ ಜೊತೆ ಒಂದು ಹಿಡಿ ಹಳೆಯ ಮಾಂಜಾ ದಾರವನ್ನು ಎಳೆದು ತೆಗೆದರು. ‘ನೀರಿಗಿ ದಾರಿ ಬಿಡ್ರಿ ಸಾಬ್ರ, ಇಲ್ಲಂದ್ರ ಅದೇ ದಾರಿ ಮಾಡ್ಕೋತದ’ ಎಂದರು. ಕೊಳವೆ ಕಟ್ಟಿ ನೀರು ನಿಂತದ್ದು ನನ್ನ ದಾರದಿಂದಲೇ! ಸಂದುಗಳನ್ನು ಕೆತ್ತಿ ತೊಳೆದು, ನೀರು ತಡೆಯುವ ಪುಡಿ ಬೆರೆಸಿದ ಗಾರೆ ತುಂಬಿ, ಇಳಿಜಾರು ಸರಿ ಮಾಡಿ, ಮೊಣಕಾಲೆತ್ತರದ ಪ್ಯಾರಪೆಟ್ ಗೋಡೆಯನ್ನು ಎದೆಮಟ್ಟಕ್ಕೆ ಏರಿಸಿದರು. ನಾಲ್ಕು ದಿನ ನಾನೇ ಅವರಿಗೆ ಆಳು.

ಆಮೇಲೆ ಲೆಕ್ಕ. ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ನಾನು ಮುಕ್ಕಾಲು ಗಂಟೆ ಮೇಲೆ ಹೋಗಬೇಕಾದರೆ, ಅದಕ್ಕೂ ಮೊದಲು ಮುಕ್ಕಾಲು ಗಂಟೆ ಮಗು ನನ್ನ ಬಳಿ. ಆ ಹೊತ್ತಿನಲ್ಲಿ ಅವಳು ಮಲಗಬಹುದು, ಓದಬಹುದು, ಸುಮ್ಮನೆ ಕೂರಬಹುದು. ಮಧ್ಯೆ ಕರೆಯುವಂತಿಲ್ಲ. ಭಾನುವಾರ ಬೆಳಿಗ್ಗೆ ಮನೆಯ ಒಂದು ರಿಪೇರಿ ಮುಗಿಸದೆ ಪತಂಗ್ ಮುಟ್ಟುವಂತಿಲ್ಲ. ಗಾಜಿನ ದಾರ ಪೂರ್ತಿ ಬಂದ್. ಹಾಗಾಗಿ ಈ ಸಂಕ್ರಾಂತಿಯಲ್ಲಿ ಪೇಚ್‌ನಲ್ಲಿ ಒಂದೂ ಗೆಲ್ಲಲಿಲ್ಲ. ಸಾದಾ ದಾರದ ನನ್ನ ಪತಂಗವನ್ನು ಹತ್ತು ವರ್ಷದ ಹುಡುಗರೂ ಕಡಿದು ‘ಆಫಾ’ ಎಂದು ಕೂಗಿದರು.

ಇದನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಕೂಡುಮನೆಗಳಲ್ಲಿ ಗಂಡಸರು ಸಂಜೆ ವಾಲಿಬಾಲ್‌ಗೋ, ಕ್ರಿಕೆಟ್ಟಿಗೋ, ಜಂಕ್ಷನ್ನಿಗೋ ಹೋದಾಗ ಮನೆಯೊಳಗಿನ ಆ ಹೊತ್ತನ್ನು ಉಮ್ಮನೋ ಅಕ್ಕನೋ ತುಂಬುತ್ತಾರೆ. ಆದ್ದರಿಂದ ನಮ್ಮ ಆಟಕ್ಕೆ ಬೆಲೆಯೇ ಇಲ್ಲ ಎಂದು ತಿಳಿದಿರುತ್ತೇವೆ. ಊರು ಬಿಟ್ಟು ಇಬ್ಬರೇ ಇರುವಾಗ, ಆ ಬೆಲೆ ಕೊಡುತ್ತಿರುವವರು ಯಾರು ಎಂದು ಕಾಣುತ್ತದೆ. ಪ್ರವಾದಿಯವರು (ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ಇರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ (ರ) ಹೇಳಿದ್ದನ್ನು ಮದ್ರಸದಲ್ಲೇ ಕಲಿತಿದ್ದೆ. ಅರ್ಥವಾಗಲು ಒಂದು ಮಳೆ ಬೇಕಾಯಿತು.

ಮಗಳಿಗೆ ಈಗ ಒಂದೂವರೆ ವರ್ಷ. ಬೀದರಿನ ವಾಯುಪಡೆ ನೆಲೆಯ ಕಡೆಯಿಂದ ತರಬೇತಿ ವಿಮಾನದ ಸದ್ದು ಕೇಳಿದರೆ ಬೆರಳು ಮೇಲೆತ್ತುತ್ತಾಳೆ. ಎತ್ತಿಕೊಂಡು ತಾರಸಿಗೆ ಹೋಗುತ್ತೇನೆ, ಅವಳ ತಾಯಿಯೂ ಬರುತ್ತಾಳೆ. ಜೂನ್ ಹತ್ತಿರ ಬರುತ್ತಿದೆ. ಈ ಭಾನುವಾರ ಕ್ಯಾಲೆಂಡರಿನಲ್ಲಿ ‘ಕೊಳವೆ ಬಾಯಿ ತೆಗೆಯುವುದು’ ಎಂದು ಬರೆದಿದೆ. ಈ ಸಲ ಬರೆದದ್ದು ನಾನೇ.