ಅಣ್ಣನ ಹೊಲಿಗೆ ಯಂತ್ರ

ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ. ಅಣ್ಣನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಆದರೂ 2020ರ ಡಿಸೆಂಬರಿನಲ್ಲಿ ಚಿಗಳ್ಳಿಯ ಮನೆಮನೆಗೆ ಹೋದ ಕರಪತ್ರದಲ್ಲಿ ಅವನ ಮೋರೆಯ ಪಕ್ಕದಲ್ಲಿ ಹೊಲಿಗೆ ಯಂತ್ರವೊಂದು ಕೂತಿತ್ತು. ಗ್ರಾಮ ಪಂಚಾಯಿತಿಗೆ ನಿಂತಿದ್ದ. ಎದುರಾಳಿ ಯಾರು ಅಂತೀರಿ? ಹಿತ್ತಲ ಬೇಲಿಯಾಚೆಯ ಕಾಕಾ. ನಮ್ಮನ್ನು ಎತ್ತಿ ಆಡಿಸಿದವರು. ಅವರದು ಗ್ಯಾಸ್ ಸಿಲಿಂಡರು.

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಕೂಡದೆಂದು ಕಾಯಿದೆ. ಮುಂಡಗೋಡದ ಪಟ್ಟಣ ಪಂಚಾಯಿತಿಗೆ ಪಕ್ಷ ಉಂಟು. ಇಂಗ್ಲೆಂಡಿನ ನಗರಸಭೆಗಳಿಗೂ ಉಂಟು, ಊರು ಯಾವ ಪಕ್ಷದ ಕೈಗೆ ಹೋಯಿತೆಂದು ಅಲ್ಲಿ ಬಹಿರಂಗವಾಗಿಯೇ ಲೆಕ್ಕ ಹಾಕುತ್ತಾರೆ. ಹಳ್ಳಿಗೆ ಆ ಕಾಟ ಬೇಡವೆಂದು ದೊಡ್ಡವರು ಎಣಿಸಿದ್ದಿರಬೇಕು. ಆದರೆ ಹೊಲಿಗೆ ಯಂತ್ರದ ಹಿಂದೆ ಯಾರು, ಸಿಲಿಂಡರಿನ ಹಿಂದೆ ಯಾರು ಎಂಬುದು ನಮ್ಮೂರಿನ ಎಮ್ಮೆಗಳಿಗೂ ಗೊತ್ತು.

2018ರಲ್ಲಿ ನಮ್ಮ ಯಲ್ಲಾಪುರ ವಿಧಾನಸಭಾ ಕ್ಷೇತ್ರದಲ್ಲಿ ಶಿವರಾಮ ಹೆಬ್ಬಾರರು ಕಾಂಗ್ರೆಸ್ಸು, ವಿ. ಎಸ್. ಪಾಟೀಲರು ಬಿಜೆಪಿ. ಅಣ್ಣ ಹೆಬ್ಬಾರರ ಕಡೆ, ಕಾಕಾ ಪಾಟೀಲರ ಕಡೆ. 2019ರಲ್ಲಿ ಹೆಬ್ಬಾರರು ರಾಜೀನಾಮೆಯಿತ್ತು, ಬಿಜೆಪಿ ಸೇರಿ, ಡಿಸೆಂಬರಿನ ಉಪಚುನಾವಣೆ ಗೆದ್ದರು. ಬೆನ್ನಿಗೆ ಅಣ್ಣನೂ ಹೋದ. ಎರಡು ಮನೆಗೂ ಒಂದೇ ಬಾವುಟವಾಯಿತು, ಇನ್ನು ಜಗಳವಿಲ್ಲವೆಂದು ಅತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಒಂದೇ ಬಾವುಟದ ಕೆಳಗಿನ ಜಗಳದ ರುಚಿ ಅವರಿಗಿನ್ನೂ ಗೊತ್ತಿರಲಿಲ್ಲ.

ನನ್ನ ಓಟು ಊರಿನಲ್ಲೇ ಇದೆ. ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬಂದೆ. ಮತಪತ್ರ ಕೈಯಲ್ಲಿ ಹಿಡಿದು ನಿಂತಾಗ ನೆನಪಾದದ್ದು ಪಕ್ಷವಲ್ಲ, ಹಿಂದಿನ ವರುಷದ ಆಗಸ್ಟ್ ತಿಂಗಳು. ಆ ಮಳೆಗೆ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಕೆಳಗಿನ ಗದ್ದೆಗಳ ಮೇಲೆ ನೀರು ನುಗ್ಗಿತ್ತು. ಪರಿಹಾರದ ಪಟ್ಟಿಗಾಗಿ ಯಾರ ಯಾರದೋ ಪಹಣಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ದಿನವೂ ಕಚೇರಿಗೆ ಅಲೆದವರು ಕಾಕಾ. ಆ ಚೀಲದಲ್ಲಿ ನಮ್ಮ ಪಹಣಿಯೂ ಇತ್ತು. ಅಣ್ಣ ಆಗ ಬೆಂಗಳೂರಿನ ಸುದ್ದಿ ನೋಡುತ್ತಿದ್ದ. ನಾನು ಸಿಲಿಂಡರಿಗೆ ಒತ್ತಿದೆ.

ಅಣ್ಣ ಏಳು ಓಟಿನಿಂದ ಗೆದ್ದ. ಗುಲಾಲು ಮೆತ್ತಿದ ಮೈಯಲ್ಲೇ ನನ್ನನ್ನು ತಬ್ಬಿಕೊಂಡು, "ಉಳಿದವರದು ಬಿಡು, ನಿಂದೊಂದು ಓಟು ಗ್ಯಾರಂಟಿ ಇತ್ತು ನೋಡು, ತಮ್ಮಾ" ಎಂದ. ಅಂಗಿಗೆ ಹತ್ತಿದ ಆ ಗುಲಾಲು ಮೂರು ಒಗೆತಕ್ಕೂ ಹೋಗಲಿಲ್ಲ.

ಮರುದಿನ ಕಾಕಾ ಬೇಲಿಯ ಸಂದಿಗೆ ಮುಳ್ಳು ಜಡಿದರು. ಅತ್ತಿಗೆ ಮಜ್ಜಿಗೆ ದಾಟಿಸುತ್ತಿದ್ದ ಸಂದಿ ಅದು. ನಾನು ಹೋಗಿ ಮಾತಾಡಿಸಿದರೆ ಮೋರೆ ತಿರುಗಿಸಿದರು. ಏನೆಂದು ಹೇಳಲಿ? ನಿಜ ಹೇಳಿದರೆ ಅವರು ನಂಬುವುದಿಲ್ಲ, ಅಣ್ಣ ನಂಬಿಬಿಡುತ್ತಾನೆ.

2022ರಲ್ಲಿ ಪಾಟೀಲರು ಕಾಂಗ್ರೆಸ್ ಸೇರಿದರು. 2023ರಲ್ಲಿ ಕಣದಲ್ಲಿ ಮತ್ತೆ ಅದೇ ಇಬ್ಬರು, ಬಾವುಟ ಮಾತ್ರ ಅದಲುಬದಲು, ಗೆದ್ದವರು ಹೆಬ್ಬಾರರೇ. ಅಣ್ಣ ಅಟ್ಟಕ್ಕೆ ಎಸೆದಿದ್ದಂಥ ಬಾವುಟವೇ ಕಾಕಾ ಅವರ ಮಾಡಿನ ಮೇಲೆ ಹಾರಿತು. 2025ರ ಮೇ ತಿಂಗಳಲ್ಲಿ ಬಿಜೆಪಿ ಹೆಬ್ಬಾರರನ್ನು ಉಚ್ಚಾಟಿಸಿತೆಂಬ ಸುದ್ದಿ ಬಂದ ಸಂಜೆ ಅಣ್ಣ ಜಗುಲಿಯಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಏಣಿ ತಂದು ಅಟ್ಟ ಹತ್ತಿದ. ಕೆಳಗೆ ಏಣಿ ಹಿಡಿದು ನಿಂತವನು ನಾನೇ. ಬೇಲಿಯಾಚೆ ಯಾರೋ ಕೆಮ್ಮಿದಂತಾಯಿತು.