ಹೆಸರು ಕೂಗುವ ಹಾಡು

ಮಗ ಹಿಪ್‌ಹಾಪ್ ಹಾಕಿದಾಗಲೆಲ್ಲ ‘ಗಲಾಟೆ ನಿಲ್ಲಿಸೋ’ ಎಂದು ನಾವು ಗದರುತ್ತಿದ್ದೆವು. ಮೊನ್ನೆ ಅವನು ರಾಲ್ಫ್ ಮೆಕ್‌ಡೇನಿಯಲ್ಸರ ಕಥೆ ಹೇಳಿದ. ನ್ಯೂಯಾರ್ಕ್ ನಗರಾಡಳಿತದ ಟಿ.ವಿ. ಕೇಂದ್ರದ ನೌಕರರಾಗಿದ್ದ ಅವರು 1983ರಲ್ಲಿ ಲಯೊನೆಲ್ ಮಾರ್ಟಿನ್ ಜೊತೆಗೂಡಿ ‘ವಿಡಿಯೊ ಮ್ಯೂಸಿಕ್ ಬಾಕ್ಸ್’ ಆರಂಭಿಸಿದರಂತೆ. ಅಮೆರಿಕದ ಎಂ.ಟಿ.ವಿ.ಯಲ್ಲಿ ರ‍್ಯಾಪಿಗೆಂದೇ ಕಾರ್ಯಕ್ರಮ ಬಂದದ್ದು 1988ರಲ್ಲಿ! ಕ್ಯಾಮೆರಾ ಹೊತ್ತು ಬೀದಿಗಿಳಿದು, ಜನರು ತಮ್ಮ ಓಣಿಯ, ಮನೆಯವರ ಹೆಸರು ಕೂಗಲು ಬಿಟ್ಟರು. ಮುಂದೆ ಕ್ವೀನ್ಸ್ ಗ್ರಂಥಾಲಯದ ಹಿಪ್‌ಹಾಪ್ ಸಂಯೋಜಕರೂ ಆದರು.

ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ನಮ್ಮೂರಿನ ಹೆಸರಿಗಾಗಿ ಕಿವಿಗೊಟ್ಟು ಕೂತದ್ದು ನಮಗೆ ನೆನಪಾಯಿತು.

‘ನೀನು ಯಾವ ಊರು ಕೂಗುತ್ತೀಯೋ?’ ಎಂದೆವು.

‘ಡೊಂಬಿವಲಿ’ ಎಂದ. ನಮ್ಮ ಕರುಳು ಚುರುಕ್ಕೆಂದಿತು.

‘ಆಮೇಲೆ ಶಿರಸಿ ಅಜ್ಜಿ ಹೆಸರು.’

ಅಂದು ನಾವು ಗದರಲಿಲ್ಲ.